ಆಟದ ರುಚಿ ಮರಳುವ ಬಗೆ

ಕನ್ನಡದಲ್ಲಿ ‘ಆಟ’ ಎಂಬ ಮಾತಿನ ಹರಹು ಬಹಳ ದೊಡ್ಡದು. ಮಕ್ಕಳು ಬೀದಿಯಲ್ಲಿ ಆಡುವುದೂ ಆಟ. ಯಕ್ಷಗಾನದ ಮೇಳದವರು ರಾತ್ರಿಯೆಲ್ಲ ಬಯಲಿನಲ್ಲಿ ಪ್ರದರ್ಶಿಸುವುದೂ ಆಟ. ಚಲನಚಿತ್ರಮಂದಿರದಲ್ಲಿ ಮಧ್ಯಾಹ್ನಕ್ಕೊಂದು ಸಂಜೆಗೊಂದು ನಡೆಯುವುದೂ ಆಟವೇ. ಒಡನಾಟ, ಓಡಾಟ, ಹುಡುಗಾಟಗಳಲ್ಲಿ ಅದು ಇದೆ. ಪರದಾಟ, ತೊಳಲಾಟಗಳಲ್ಲಿಯೂ ಹೇಗೋ ಸೇರಿಕೊಂಡಿದೆ. ನುಡಿಯುವುದನ್ನು ಕೂಡ ನಾವು ಮಾತನ್ನು ‘ಆಡುವುದು’ ಎನ್ನುತ್ತೇವೆ. ಇಷ್ಟು ವಿಶಾಲವಾದ ಈ ಮಾತಿನ ಮನೆಗೆ ಕಳೆದ ಐವತ್ತು ಅರುವತ್ತು ವರ್ಷಗಳಲ್ಲಿ ಬಂದು ಸೇರಿದ ಹೊಸ ಕೂಸು ವಿಡಿಯೋ ಆಟ. ಇಂದು ನಾನು ಆಡಬೇಕೆಂದಿರುವ ನಾಲ್ಕು ಮಾತು ಅದನ್ನು ಕುರಿತದ್ದು. ಅದರಲ್ಲಿಯೂ, ಎಳವೆಯಲ್ಲೋ ಯೌವನದಲ್ಲೋ ಆ ಆಟಗಳಲ್ಲಿ ಸುಖಪಟ್ಟವರು ದೊಡ್ಡವರಾದ ಮೇಲೆ ಆ ಸುಖವನ್ನು ಕಳೆದುಕೊಳ್ಳುವ, ಅವರಲ್ಲಿ ಕೆಲವರು ಅದನ್ನು ಮತ್ತೆ ಕಂಡುಕೊಳ್ಳುವ ಸಂಗತಿಯನ್ನು ಕುರಿತದ್ದು.

ಮೂರು ದಶಕಗಳಿಗೂ ಮಿಕ್ಕು ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ವಿಡಿಯೋ ಆಟಕ್ಕೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಎರಡು ಬಗೆಯದು. ನಾನೂ ಒಂದು ಕಾಲದಲ್ಲಿ ಈ ಆಟವನ್ನು ಆಡಿದವನು, ಬಿಟ್ಟವನು, ಈಚೆಗೆ ಮತ್ತೆ ಆಡುತ್ತಿರುವವನು ಎಂಬುದು ಒಂದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಒಮ್ಮೆ ಸವಿಯಾಗಿದ್ದದ್ದು ಮುಂದೊಮ್ಮೆ ಏಕೆ ಸಪ್ಪೆಯಾಗುತ್ತದೆ, ಸವಿಯುವ ಶಕ್ತಿ ಎಲ್ಲಿಗೆ ಹೋಗುತ್ತದೆ, ಅದನ್ನು ಮರಳಿ ಪಡೆಯಬಹುದೆ ಎಂಬ ಪ್ರಶ್ನೆಗಳು ನಮ್ಮ ಕಾವ್ಯಮೀಮಾಂಸೆಯ ಪ್ರಶ್ನೆಗಳೂ ಹೌದು. ವಸ್ತು ಹೊಸದಾದರೂ ವಿಚಾರ ಹಳೆಯದು.

ವಿಡಿಯೋ ಆಟದ ವಿಷಯದಲ್ಲಿ ಈ ಪ್ರಶ್ನೆ ಈಗ ಏಳುತ್ತಿರುವುದಕ್ಕೆ ಕಾರಣವಿದೆ. ೧೯೬೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ತರುಣರು ಒಂದು ದೊಡ್ಡ ಗಣಕಯಂತ್ರದ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿಕೊಂಡರು. ಅದು ಪ್ರಯೋಗಶಾಲೆಯ ವಿನೋದವಾಗಿತ್ತು. ೧೯೭೨ರಲ್ಲಿ ಅಟಾರಿ ಸಂಸ್ಥೆಯ ‘ಪಾಂಗ್’ ಬಂದ ಮೇಲೆ ಸಾಮಾನ್ಯ ಜನ ನಾಣ್ಯ ಹಾಕಿ ಆಡತೊಡಗಿದರು. ಜಪಾನಿನಿಂದ ೧೯೭೮ರಲ್ಲಿ ‘ಸ್ಪೇಸ್ ಇನ್‌ವೇಡರ್ಸ್’, ೧೯೮೦ರಲ್ಲಿ ‘ಪ್ಯಾಕ್-ಮ್ಯಾನ್’ ಬಂದವು. ಪ್ಯಾಕ್-ಮ್ಯಾನ್ ಬಂದಾಗ ಹತ್ತು ವರ್ಷದವರಾಗಿದ್ದವರು ಇಂದು ಐವತ್ತನ್ನು ದಾಟಿದ್ದಾರೆ. ಎಂದರೆ, ವಿಡಿಯೋ ಆಟಗಳ ಜೊತೆಯಲ್ಲಿಯೇ ಬೆಳೆದು, ಅವುಗಳ ಜೊತೆಯಲ್ಲಿಯೇ ಮುಪ್ಪಿನ ಕಡೆಗೆ ನಡೆಯುತ್ತಿರುವ ಮೊದಲ ತಲೆಮಾರು ಇದು.

ನಮ್ಮ ಹಿರಿಯರಿಗೆ ಈ ತೊಡಕು ಇರಲಿಲ್ಲ. ಚದುರಂಗ, ಪಗಡೆ, ಚೌಕಾಬಾರ, ಅಳಗುಳಿಮಣೆಗಳನ್ನು ಏಳು ವರ್ಷದಲ್ಲಿ ಕಲಿತವರು ಎಪ್ಪತ್ತರಲ್ಲಿಯೂ ಅದೇ ಮಣೆಯ ಮೇಲೆ, ಅದೇ ಹುಣಸೆಬೀಜ ಕವಡೆಗಳಿಂದ ಆಡುತ್ತಿದ್ದರು. ಮಣೆ ಬದಲಾಗುತ್ತಿರಲಿಲ್ಲ. ಅಜ್ಜಿ ಮೊಮ್ಮಗಳಿಗೆ ಕಲಿಸಿಕೊಡುವ ಹೊತ್ತಿಗೆ ಆಟ ಹೊಸದಾಗುತ್ತಿತ್ತು. ವಿಡಿಯೋ ಆಟದಲ್ಲಿ ಮಣೆಯೇ ಬದಲಾಗುತ್ತದೆ. ಕೆಲವೇ ವರ್ಷಗಳಿಗೊಮ್ಮೆ ಹಳೆಯ ಯಂತ್ರ ಮೂಲೆ ಸೇರುತ್ತದೆ. ಹೊಸ ಯಂತ್ರದ ಮುಂದೆ ಅಜ್ಜಿಯೇ ಶಿಷ್ಯಳಾಗಬೇಕಾಗುತ್ತದೆ. ಆದ್ದರಿಂದ ಇಲ್ಲಿ ರುಚಿ ಕೆಟ್ಟರೆ ಕೆಟ್ಟದ್ದು ನಾಲಿಗೆಯೋ ಅಡುಗೆಯೋ ಎಂದು ತಿಳಿಯುವುದು ಕಷ್ಟ.

ನಮ್ಮ ಊರುಗಳಲ್ಲಿ ಬಹಳ ಮಂದಿ ಈ ಆಟಗಳ ಮುಖ ಕಂಡದ್ದು ತೊಂಬತ್ತರ ದಶಕದಲ್ಲಿ. ನಾನು ಪಾಠ ಹೇಳುತ್ತಿದ್ದ ಕಾಲೇಜಿಗೆ ಆ ದಶಕದ ನಡುವೆ ಗಣಕಯಂತ್ರಗಳು ಬಂದುವು. ಅವುಗಳಲ್ಲೊಂದರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟವಿತ್ತು. ಆ ಕಾಲದಲ್ಲಿ ಗಣಕಯಂತ್ರದ ಮುಂದೆ ಕುಳಿತ ಯಾರಿಗೂ ಅದರ ಪರಿಚಯವಿಲ್ಲದೆ ಇರಲಿಲ್ಲ ಎನ್ನಬಹುದು. ಸಂಜೆ ತರಗತಿಗಳು ಮುಗಿದ ಮೇಲೆ ಗಣಿತದ, ಇತಿಹಾಸದ, ಕನ್ನಡದ ಉಪನ್ಯಾಸಕರಾದ ನಾವು ಮೂವರು ಒಂದೇ ಯಂತ್ರದ ಮುಂದೆ ಕುರ್ಚಿಗಳನ್ನು ಎಳೆದುಕೊಂಡು ಕೂರುತ್ತಿದ್ದೆವು. ಒಬ್ಬರು ಆಡುವುದು, ಇಬ್ಬರು ಸಲಹೆ ಕೊಡುವುದು. ರಾಜಕುಮಾರ ಸತ್ತೊಡನೆ ಕುರ್ಚಿ ಬದಲಾಗುವುದು.

ಆ ಆಟದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಮಾತಿಗೆ ಅದು ಆಧಾರ. ಅದನ್ನು ರಚಿಸಿದವನು ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ. ೧೯೮೫ರಲ್ಲಿ, ಆಗಷ್ಟೇ ಯೇಲ್ ವಿಶ್ವವಿದ್ಯಾಲಯದಿಂದ ಹೊರಬಂದಿದ್ದ ಅವನು, ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ಅದನ್ನು ವಿಡಿಯೋದಲ್ಲಿ ಸೆರೆಹಿಡಿದು, ಒಂದೊಂದೇ ಚಿತ್ರವನ್ನು ತಿದ್ದಿ ಯಂತ್ರಕ್ಕೆ ಇಳಿಸಿದ. ಆದ್ದರಿಂದಲೇ ಆ ಚಿಕ್ಕ ಬಿಳಿಯ ಆಕೃತಿ ಓಡಿ ನಿಲ್ಲುವಾಗ ಮನುಷ್ಯನಂತೆಯೇ ಮುಗ್ಗರಿಸುತ್ತಿತ್ತು. ಅಂಚನ್ನು ಹಿಡಿದು ನೇತಾಡುವಾಗ ಅದರ ತೋಳಿನ ಭಾರ ನಮ್ಮ ತೋಳಿಗೆ ತಿಳಿಯುತ್ತಿತ್ತು. ೧೯೮೯ರಲ್ಲಿ ಆಟ ಹೊರಬಂತು. ಕತೆ ಸರಳ: ದುಷ್ಟ ವಜೀರನ ಸೆರೆಯಲ್ಲಿ ರಾಜಕುಮಾರಿ, ನೆಲಮಾಳಿಗೆಯಲ್ಲಿ ನಾಯಕ, ನಡುವೆ ಹನ್ನೆರಡು ಹಂತಗಳ ಬಲೆಗಳು, ಮೊಳೆಗಳು, ಕತ್ತಿಯ ಕಾವಲುಗಾರರು. ಇರುವ ಕಾಲ ಒಂದೇ ಗಂಟೆ. ಸತ್ತರೆ ಆ ಹಂತವನ್ನು ಮತ್ತೆ ಮೊದಲಿಂದ ಆಡಬಹುದು, ಆದರೆ ಕಳೆದ ನಿಮಿಷಗಳು ಮರಳುವುದಿಲ್ಲ.

ಆ ಸಂಜೆಗಳ ಸುಖ ಎಂಥದು ಎಂದು ಈಗ ಯೋಚಿಸಿದರೆ, ಗೆಲುವು ಅದರಲ್ಲಿ ಅತಿ ಸಣ್ಣ ಭಾಗವಾಗಿತ್ತು ಎಂದೇ ತೋರುತ್ತದೆ. ಮೊದಲ ಹಲವು ತಿಂಗಳು ನಾವು ಐದನೆಯ ಹಂತವನ್ನು ದಾಟಲಿಲ್ಲ. ಆದರೂ ಮರುದಿನ ನಡುವಿನ ಬಿಡುವಿನಲ್ಲಿ ಯಾರಾದರೊಬ್ಬರು “ಆ ಬಾಗಿಲಿಗೆ ಓಡಿ ಹಾರಬೇಕು, ನಿಂತು ಹಾರಬಾರದು” ಎಂದು ಪಿಸುಗುಟ್ಟುತ್ತಿದ್ದರು.

ಅನಂತರ ನಾನಾ ಕೆಲಸಗಳು ಬಂದುವು, ಆಟ ನಿಂತಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ನಿವೃತ್ತಿಯ ಬಿಡುವಿನಲ್ಲಿ, ಅದೇ ರಾಜಕುಮಾರನನ್ನು ಹೊಸ ಯಂತ್ರದಲ್ಲಿ ಮತ್ತೆ ಓಡಿಸಿ ನೋಡಿದೆ. ಕೈಗೆ ದಾರಿ ನೆನಪಿತ್ತು. ಆದರೆ ಹತ್ತು ನಿಮಿಷದಲ್ಲಿ ಮನಸ್ಸು ಬೇರೆ ಕಡೆಗೆ ತಿರುಗಿತು. ಹೊಸ ಆಟಗಳನ್ನು ಹಾಕಿ ನೋಡಿದೆ. ಅವುಗಳ ವೈಭವವನ್ನು ಕಂಡು ಬೆರಗಾಯಿತೇ ಹೊರತು ರುಚಿ ಹತ್ತಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಲವತ್ತರ ಆಸುಪಾಸಿನ ಹಲವರನ್ನು ವಿಚಾರಿಸಿದಾಗ ಅವರ ಅನುಭವವೂ ಇದೇ ಆಗಿತ್ತು. ರಿಯಾಯಿತಿ ಮಾರಾಟದಲ್ಲಿ ಕೊಂಡ ಆಟಗಳು ಡಜನುಗಟ್ಟಲೆ ಬಿದ್ದಿವೆ, ರಾತ್ರಿ ಹತ್ತಕ್ಕೆ ಯಂತ್ರವನ್ನು ಹಚ್ಚುತ್ತಾರೆ, ಯಾವುದನ್ನು ಆಡುವುದೆಂದು ಪಟ್ಟಿಯನ್ನು ಮೇಲೆ ಕೆಳಗೆ ನೋಡಿ, ಆರಿಸಿ ಮಲಗುತ್ತಾರೆ.

ಇದಕ್ಕೆ ಸಾಮಾನ್ಯವಾಗಿ ಎರಡು ಸಮಾಧಾನಗಳನ್ನು ಹೇಳುವುದುಂಟು. ವಯಸ್ಸಾದ ಮೇಲೆ ಆಟ ಸೇರುವುದಿಲ್ಲ ಎಂಬುದು ಒಂದು. ಈಗಿನ ಆಟಗಳು ಮೊದಲಿನಂತಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಪೂರ್ತಿ ನಿಜವಿರಲಾರದು. ಎಂಬತ್ತರ ವೃದ್ಧರು ಇಸ್ಪೀಟಿನ ಮುಂದೆ ಊಟ ಮರೆತು ಕೂತದ್ದನ್ನು ನಾವೆಲ್ಲ ಕಂಡಿದ್ದೇವೆ. ಎರಡನೆಯದಕ್ಕೂ ಆಕ್ಷೇಪವಿದೆ, ಹಳೆಯ ಆಟವನ್ನೇ ಆಡಿದರೂ ಹಳೆಯ ಸುಖ ಬರಲಿಲ್ಲವಲ್ಲ! ಹಾಗಾದರೆ ಕೆಟ್ಟದ್ದು ಏನು?

ಇದಕ್ಕೆ ಉತ್ತರ ಬೇಕಾದರೆ ಆಟವೆಂದರೇನು ಎಂದು ಕೇಳಿಕೊಳ್ಳಬೇಕು. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ೧೯೭೮ರಲ್ಲಿ ಪ್ರಕಟಿಸಿದ ‘ದಿ ಗ್ರಾಸ್‌ಹಾಪರ್’ ಎಂಬ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ವಿಚಾರ ಮಾಡಿದ್ದಾನೆ. ಅವನ ಅಭಿಪ್ರಾಯದ ಸಾರ ಇಷ್ಟು: ಅಗತ್ಯವಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ಅವನ್ನು ದಾಟಲು ಯತ್ನಿಸುವುದೇ ಆಟ. ಗಾಲ್ಫ್ ಆಡುವವನಿಗೆ ಚೆಂಡು ಗುಣಿಗೆ ಬಿದ್ದರೆ ಸಾಕು ಎಂದಿದ್ದರೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಹಾಕಬಹುದಾಗಿತ್ತು. ಹಾಗೆ ಮಾಡದೆ ದೂರದಿಂದ ಕೋಲಿನಲ್ಲಿ ಹೊಡೆಯುತ್ತಾನೆ, ಏಕೆಂದರೆ ಆ ಕಷ್ಟವೇ ಅವನಿಗೆ ಬೇಕಾದದ್ದು. ಈ ಮಾತಿಗೆ ‘ಟೆಟ್ರಿಸ್’ ಒಳ್ಳೆಯ ನಿದರ್ಶನ. ೧೯೮೪ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿಟ್ನೋವ್ ರಚಿಸಿದ ಆಟ ಅದು. ನಾಲ್ಕು ಚೌಕಗಳಿಂದಾದ ಏಳು ಬಗೆಯ ಆಕೃತಿಗಳು ಮೇಲಿನಿಂದ ಇಳಿಯುತ್ತವೆ, ಅವನ್ನು ಸಂದಿಲ್ಲದಂತೆ ಜೋಡಿಸಿದರೆ ಸಾಲು ಮಾಯವಾಗುತ್ತದೆ, ಮತ್ತೆ ಇಳಿಯುತ್ತವೆ. ಬೇಗವೋ ತಡವೋ ಸೋಲು ಖಂಡಿತ. ನಿಂಟೆಂಡೋ ಸಂಸ್ಥೆಯ ೧೯೮೯ರ ಟೆಟ್ರಿಸನ್ನು ಯಂತ್ರವೇ ಸ್ತಬ್ಧವಾಗಿ ನಿಲ್ಲುವವರೆಗೆ ಮನುಷ್ಯನೊಬ್ಬ ಮೊದಲ ಸಲ ಆಡಿದ್ದು ೨೦೨೩ರ ಡಿಸೆಂಬರಿನಲ್ಲಿ. ಅವನು ಅಮೆರಿಕದ ೧೩ ವರ್ಷದ ಹುಡುಗ. ಅಲ್ಲಿಯವರೆಗಿನ ೩೪ ವರ್ಷ, ಆಡಿದ ಎಲ್ಲರೂ ಸೋತೇ ಎದ್ದಿದ್ದರು. ಆದರೂ ಆಡಿದರು.

ಆಟದ ಸುಖ ದಾರಿಯಲ್ಲಿರುವುದಾದರೆ, ದಾರಿಯಿಂದ ನಮ್ಮ ಕಣ್ಣನ್ನು ಕೀಳುವ ಯಾವುದೇ ಆದರೂ ಆ ಸುಖಕ್ಕೆ ಶತ್ರು. ಇಂಥ ಶತ್ರುಗಳಲ್ಲಿ ಬಲವಾದದ್ದು ಲೆಕ್ಕ. ೨೦೦೫ರಲ್ಲಿ ಬಂದ ಎಕ್ಸ್‌ಬಾಕ್ಸ್ ೩೬೦ ಯಂತ್ರದಲ್ಲಿ ಆಟಗಾರನ ಒಂದೊಂದು ಸಾಧನೆಗೂ ಅಂಕ ಕೊಟ್ಟು, ಎಲ್ಲ ಆಟಗಳ ಅಂಕವನ್ನೂ ಒಂದೇ ಖಾತೆಗೆ ಜಮಾ ಮಾಡುವ ಪದ್ಧತಿ ಆರಂಭವಾಯಿತು. ೨೦೦೮ರಲ್ಲಿ ಪ್ಲೇಸ್ಟೇಷನ್ ಕೂಡ ಪದಕಗಳನ್ನು ಹಂಚತೊಡಗಿತು. ಈಗ ಮೊಬೈಲ್ ದೂರವಾಣಿಯ ಹಲವು ಆಟಗಳು ದಿನವೂ ಬಂದು ಹಾಜರಿ ಹಾಕಿದರೆ ಬಹುಮಾನ ಎನ್ನುತ್ತವೆ. ಕಚೇರಿಯಲ್ಲಿ ಹಾಜರಿ ಹಾಕಿ ಬಂದವನು ಮನೆಯಲ್ಲಿ ಮತ್ತೊಂದು ಹಾಜರಿ ಹಾಕುತ್ತಾನೆ.

ಬಹುಮಾನ ಕೊಟ್ಟರೆ ಉತ್ಸಾಹ ಹೆಚ್ಚುವುದಿಲ್ಲವೆ ಎಂದು ಕೇಳಬಹುದು. ಈ ಬಗ್ಗೆ ೧೯೭೩ರಲ್ಲಿ ಪ್ರಕಟವಾದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದಲ್ಲಿ, ಬಣ್ಣದ ಲೇಖನಿಯಿಂದ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ “ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ” ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ಅನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಪ್ರಶಸ್ತಿಯ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಲೇಖನಿಯನ್ನು ಹಿಡಿದರು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರ ಉತ್ಸಾಹ ಕುಗ್ಗಲಿಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಮನಸ್ಸು ಬಹುಮಾನಕ್ಕೆ ಮೊದಲೇ ಒತ್ತೆಬಿದ್ದಾಗ ಮಾತ್ರ ಆಟ ಕೂಲಿಯಾಗುತ್ತದೆ.

ಎರಡನೆಯ ಶತ್ರುವನ್ನು ಅಧ್ಯಾಪಕರು ಬಲ್ಲರು. ಪಠ್ಯಪುಸ್ತಕದ ಪಕ್ಕದಲ್ಲಿ ‘ಗೈಡು’ ಇದ್ದಂತೆ, ಈಗ ಪ್ರತಿಯೊಂದು ಆಟಕ್ಕೂ ದಾರಿ ತೋರಿಸುವ ಬರಹಗಳು, ಚಿತ್ರಗಳು ಸಿದ್ಧವಾಗಿವೆ. ದುಡಿದು ದಣಿದವನಿಗೆ ವೇಳೆ ಕಡಿಮೆ. ತೊಡಕು ಬಂದೊಡನೆ ಉತ್ತರವನ್ನು ನೋಡಿಕೊಳ್ಳುತ್ತಾನೆ. ಬಾಗಿಲು ತೆರೆಯುತ್ತದೆ, ಆದರೆ ಬಾಗಿಲ ಮುಂದೆ ನಿಂತು ಒದ್ದಾಡುವ ಸುಖ ಅವನ ಪಾಲಿಗಿಲ್ಲ. ಸೂಟ್ಸನ ಮಾತಿನಲ್ಲಿ ಹೇಳುವುದಾದರೆ ಅವನು ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಗುಣಿಗೆ ಹಾಕಿದ್ದಾನೆ.

ಇವೆರಡೂ ಹೊರಗಿನ ಕಾರಣಗಳು. ಒಳಗಿನ ಕಾರಣವನ್ನು ಹುಡುಕುವಾಗ ನನಗೆ ನೆರವಾದವನು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ. ಭರತನ ನಾಟ್ಯಶಾಸ್ತ್ರಕ್ಕೆ ಬರೆದ ‘ಅಭಿನವಭಾರತಿ’ ಎಂಬ ವ್ಯಾಖ್ಯಾನದಲ್ಲಿ ಅವನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಕನ್ನಡ ಎಂ.ಎ. ತರಗತಿಯಲ್ಲಿ ನಾವು ಇವನ್ನು ಕಂಠಪಾಠ ಮಾಡಿಸುತ್ತಿದ್ದೆವು. ಅವನ ದೃಷ್ಟಿಯಲ್ಲಿ ರಸ ಹೊರಗಿನಿಂದ ತಂದು ತುಂಬುವ ವಸ್ತುವಲ್ಲ. ವಿಘ್ನಗಳು ತೊಲಗಿದರೆ ಅದು ತಾನಾಗಿ ಅನುಭವಕ್ಕೆ ಬರುತ್ತದೆ. ಆದ್ದರಿಂದ ರುಚಿ ಹತ್ತದಿದ್ದಾಗ ಕೇಳಬೇಕಾದ ಪ್ರಶ್ನೆ, ಯಾವ ವಿಘ್ನ ಅಡ್ಡಬಂದಿದೆ ಎಂಬುದು.

ಏಳರಲ್ಲಿ ನಾಲ್ಕಾದರೂ ನಮ್ಮ ವಿಷಯಕ್ಕೆ ಹೊಂದುತ್ತವೆ. ಕಾಣುತ್ತಿರುವುದನ್ನು ಸಂಭವನೀಯವೆಂದು ಒಪ್ಪಲಾರದ ಮನಸ್ಸು ಒಂದು ವಿಘ್ನ. ಅದಕ್ಕೆ ಸಂಭಾವನಾವಿರಹ ಎಂದು ಹೆಸರು. ಇದೆಲ್ಲ ಹುಡುಗಾಟ ಎಂದು ಮೊದಲೇ ತೀರ್ಮಾನಿಸಿ ಕುಳಿತ ದೊಡ್ಡವರಿಗೆ ಇದು ಅಂಟಿರುತ್ತದೆ. ಅರಿವಿನ ಸಾಧನಗಳ ಕೊರತೆ, ಎಂದರೆ ಪ್ರತೀತ್ಯುಪಾಯವೈಕಲ್ಯ, ಇನ್ನೊಂದು. ಎರಡು ಕಡ್ಡಿ, ಹತ್ತು ಹನ್ನೆರಡು ಗುಂಡಿಗಳಿರುವ ಇಂದಿನ ಹಿಡಿಕೆಯನ್ನು ಕೈಯಲ್ಲಿ ಹಿಡಿದ ಅರುವತ್ತರ ಮನುಷ್ಯನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಧಾನವಾಗಬೇಕಾದದ್ದು ಅಪ್ರಧಾನವಾಗುವುದು ಮತ್ತೊಂದು. ಪದಕ ಮುಂದಾಗಿ ಆಟ ಹಿಂದಾದಾಗ ಆಗುವುದು ಇದೇ. ಆದರೆ ನಡುವಯಸ್ಸಿನವರ ಪಾಲಿಗೆ ಎಲ್ಲಕ್ಕಿಂತ ದೊಡ್ಡದು ನಿಜಸುಖಾದಿವಿವಶೀಭಾವ. ತನ್ನದೇ ಸುಖದುಃಖಗಳ ವಶವಾಗಿರುವ ಮನಸ್ಸು ಮತ್ತೊಂದರಲ್ಲಿ ನೆಲೆಗೊಳ್ಳಲಾರದು. ಮನೆಯ ಸಾಲ, ಮಗಳ ಪರೀಕ್ಷೆ, ತಂದೆಯ ರಕ್ತದೊತ್ತಡ ಇವೆಲ್ಲ ತೆರೆಯ ಮುಂದೆ ಕೂತವನ ಜೊತೆಯಲ್ಲಿಯೇ ಬಂದು ಕೂರುತ್ತವೆ. ಅವನು ಆಡುತ್ತಿರುತ್ತಾನೆ, ಅವನ ಅರ್ಧ ಮನಸ್ಸು ಗಡಿಯಾರ ನೋಡುತ್ತಿರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ಅಭಿನವಗುಪ್ತ ಮಾತನಾಡಿದ್ದು ಪ್ರೇಕ್ಷಕನನ್ನು ಕುರಿತು. ವಿಡಿಯೋ ಆಟದಲ್ಲಿ ಪ್ರೇಕ್ಷಕನೇ ಪಾತ್ರಧಾರಿ. ಗೆಲ್ಲಬೇಕೆಂಬ ಸ್ವಂತ ಆಸೆ ಅವನಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ರಸಸಿದ್ಧಾಂತವನ್ನು ಇಡಿಯಾಗಿ ಇಲ್ಲಿಗೆ ಎತ್ತಿ ತರಲಾಗದು. ಆದರೆ ವಿಘ್ನಗಳ ವಿಚಾರ ಎರಡಕ್ಕೂ ಸಮಾನವೆಂದು ನನ್ನ ನಂಬಿಕೆ. ಸ್ವಂತ ಚಿಂತೆಯ ವಿಘ್ನಕ್ಕೆ ಅವನು ಹೇಳಿರುವ ಪರಿಹಾರವೂ ಇಲ್ಲಿಗೆ ಸಲ್ಲುತ್ತದೆ. ಗೀತ, ವಾದ್ಯ, ಅಲಂಕೃತವಾದ ರಂಗಮಂಟಪ ಇವು ಹೊರಗಿನ ಲೋಕವನ್ನು ಮೆಲ್ಲಗೆ ಬಿಡಿಸಿ, ಹೃದಯವಿಲ್ಲದವನನ್ನೂ ಸಹೃದಯನನ್ನಾಗಿ ಮಾಡುತ್ತವೆ ಎನ್ನುತ್ತಾನೆ. ಆಟಕ್ಕೆ ತನ್ನದೇ ಆದ ಕಾಲ, ತನ್ನದೇ ಆದ ಗೆರೆಯೆಳೆದ ಸ್ಥಳ ಬೇಕು ಎಂದು ಡಚ್ ಇತಿಹಾಸಕಾರ ಯೋಹಾನ್ ಹೊಯ್ಸಿಂಗ ೧೯೩೮ರಲ್ಲಿ ‘ಹೋಮೋ ಲೂಡೆನ್ಸ್’ ಗ್ರಂಥದಲ್ಲಿ ಹೇಳಿದ್ದು ಇದಕ್ಕೆ ಹತ್ತಿರದ ಮಾತು. ಕಾಲೇಜಿನ ಆ ಸಂಜೆಗಳಲ್ಲಿ ನಮಗೆ ಇಂಥ ಗೆರೆ ತಾನಾಗಿ ಒದಗಿತ್ತು. ಘಂಟೆ ಹೊಡೆದ ಮೇಲೆ, ಕಾವಲಿನವನು ಬಾಗಿಲಿಗೆ ಬೀಗ ಹಾಕುವ ಮುಂಚೆ.

ಒಳಗಿನ ವಿಘ್ನದಲ್ಲಿ ಇನ್ನೂ ಒಂದು ಬಗೆಯಿದೆ. ಹಳೆಯ ಸುಖದ ನೆನಪು. ಇದನ್ನು ವಿವರಿಸಲು ಮತ್ತೆ ರಾಜಕುಮಾರನ ಬಳಿಗೆ ಹೋಗೋಣ. ಆಟದ ನಾಲ್ಕನೆಯ ಹಂತದಲ್ಲಿ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ಕಾಣಿಸುತ್ತದೆ. ರಾಜಕುಮಾರ ಅದರ ಮೂಲಕ ಹಾರಿದಾಗ ಅವನದೇ ನೆರಳು ಆ ಕಡೆಯಿಂದ ಹಾರಿ ಹೊರಗೆ ಓಡಿಹೋಗುತ್ತದೆ. ಮುಂದೆ ಅದೇ ನೆರಳು ಅವನು ಕುಡಿಯಬೇಕಾದ ಔಷಧವನ್ನು ಕುಡಿಯುತ್ತದೆ; ದಾರಿ ತಪ್ಪಿಸುತ್ತದೆ. ಯಂತ್ರದ ನೆನಪಿನಲ್ಲಿ ಹೊಸ ಎದುರಾಳಿಯ ಚಿತ್ರಗಳಿಗೆ ಜಾಗ ಸಾಲದೆ ಹೋದಾಗ ಮೆಕ್ನರ್ ನಾಯಕನ ಚಿತ್ರಗಳನ್ನೇ ಮಾರ್ಪಡಿಸಿ ಈ ನೆರಳನ್ನು ಹುಟ್ಟಿಸಿದ. ಕಡೆಯಲ್ಲಿ ಇಬ್ಬರೂ ಕತ್ತಿ ಹಿಡಿದು ಎದುರಾಗುತ್ತಾರೆ. ನಾವು ಮೂವರೂ ಎಷ್ಟು ಸಂಜೆ ಹೋರಾಡಿದೆವೋ! ನೆರಳಿಗೆ ಬಿದ್ದ ಏಟು ನಮಗೇ ಬೀಳುತ್ತಿತ್ತು. ಅದು ಸತ್ತರೆ ನಾವೂ ಸಾಯುತ್ತಿದ್ದೆವು. ಕತ್ತಿಯನ್ನು ಒರೆಗೆ ಸೇರಿಸಿ, ನೆರಳಿನ ಕಡೆಗೆ ಸುಮ್ಮನೆ ನಡೆದರೆ ಇಬ್ಬರೂ ಒಂದಾಗುತ್ತಾರೆ ಎಂಬುದನ್ನು ಕಂಡುಹಿಡಿದವರು ಗಣಿತದ ಮೇಷ್ಟರು.

ದೊಡ್ಡವನಾದ ಮೇಲೆ ಆಡಲು ಕೂತವನ ಎದುರಿಗೆ ಹೀಗೆ ಅವನ ಹದಿನೈದರ, ಮೂವತ್ತರ ನೆರಳು ನಿಂತಿರುತ್ತದೆ. ಆಗ ಎಷ್ಟು ಹಿತವಾಗಿತ್ತು, ಈಗ ಏಕಿಲ್ಲ ಎಂದು ಅಳೆಯುತ್ತ ಹೋದಷ್ಟೂ ಎದುರಿಗಿರುವ ಆಟ ಮಸುಕಾಗುತ್ತದೆ. ಹಳೆಯ ರಾಜಕುಮಾರನನ್ನು ಓಡಿಸಿದಾಗ ಹತ್ತು ನಿಮಿಷದಲ್ಲಿ ನನ್ನ ಮನಸ್ಸು ತಿರುಗಿದ್ದು ಆ ಅಳತೆಯ ಕಡೆಗೇ.

ರುಚಿ ಮರಳಿದ್ದು ಬೇರೊಂದು ಆಟದಲ್ಲಿ, ಬೇರೊಬ್ಬರ ಜೊತೆಯಲ್ಲಿ. ರಜೆಗೆ ಬಂದಿದ್ದ ನನ್ನ ಮೊಮ್ಮಗಳು ನಿಂಟೆಂಡೋ ಸಂಸ್ಥೆಯ ‘ಬ್ರೆತ್ ಆಫ್ ದಿ ವೈಲ್ಡ್’ ಎಂಬ ಆಟವನ್ನು ಆಡುತ್ತಿದ್ದಳು. ೨೦೧೭ರಲ್ಲಿ ಬಂದ ಆಟ. ೧೯೮೬ರಲ್ಲಿ ಆರಂಭವಾದ ‘ಜೆಲ್ಡಾ’ ಮಾಲೆಗೆ ಸೇರಿದ್ದು. ಆ ಮಾಲೆಯ ಕರ್ತೃಗಳಲ್ಲಿ ಪ್ರಮುಖನಾದ ಶಿಗೆರು ಮಿಯಾಮೊಟೊ, ತಾನು ಹುಡುಗನಾಗಿದ್ದಾಗ ಕ್ಯೋಟೋ ಸಮೀಪದ ಸೊನೊಬೆಯ ಬೆಟ್ಟಗುಡ್ಡಗಳಲ್ಲಿ ಅಲೆದು, ಗುಹೆಯನ್ನು ಹೊಕ್ಕು ನೋಡಿದ ಬೆರಗನ್ನು ಮೊದಲ ಆಟದಲ್ಲಿ ತರಬಯಸಿದ್ದನಂತೆ. ೨೦೧೭ರ ಆಟದಲ್ಲಿ ನಾಯಕ ನೂರು ವರ್ಷ ಮಲಗಿ ಏಳುತ್ತಾನೆ. ಹಿಂದಿನ ನೆನಪಿಲ್ಲ, ಹಿಂದಿನ ಬಲವಿಲ್ಲ. ಹೊರಗೆ ಬಂದು ನೋಡಿದರೆ ತಾನು ಬಲ್ಲ ನಾಡು ಪಾಳುಬಿದ್ದಿದೆ. ನಿವೃತ್ತನಾದವನಿಗೆ ಈ ಆರಂಭ ತೀರ ಅಪರಿಚಿತವೆನಿಸಲಿಲ್ಲ. ಮೊದಲ ಎತ್ತರದ ಬಯಲನ್ನು ದಾಟಿದ ಮೇಲೆ ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು. ಕಣ್ಣಿಗೆ ಬಿದ್ದ ಬಹುಪಾಲು ಬೆಟ್ಟಗಳನ್ನೆಲ್ಲ ಹತ್ತಬಹುದು.

ನಾವು ಒಬ್ಬರಾದ ಮೇಲೊಬ್ಬರು ಹಿಡಿಕೆಯನ್ನು ಹಿಡಿದು ಆಡತೊಡಗಿದೆವು. ನನ್ನ ಪ್ರತೀತ್ಯುಪಾಯವೈಕಲ್ಯವನ್ನು ಅವಳು ತಾಳ್ಮೆಯಿಂದ ತಿದ್ದಿದಳು. ಒಂದು ಸಂಜೆ ನಾನು ಬಂಡೆಯೊಂದರ ನಡುವನ್ನು ಮುಟ್ಟಿದ್ದಾಗ ಆಟದೊಳಗೆ ಮಳೆ ಬಂತು. ಆ ಆಟದಲ್ಲಿ ಮಳೆ ಬಂದರೆ ಕಲ್ಲು ಜಾರುತ್ತದೆ, ಹತ್ತಲಾಗುವುದಿಲ್ಲ. ಕೆಳಗಿಳಿದು ಒಂದು ಚಾಚುಬಂಡೆಯ ಅಡಿಯಲ್ಲಿ ನಾಯಕನನ್ನು ನಿಲ್ಲಿಸಿದೆವು. ಮೊಮ್ಮಗಳು “ಬೇರೆ ಕಡೆಗೆ ಹೋಗೋಣ ತಾತ” ಎಂದಳು. ಮಲೆನಾಡಿನಲ್ಲಿ ಹುಟ್ಟಿ, ಜಗಲಿಯಲ್ಲಿ ಕೂತು ಮಳೆ ನಿಲ್ಲುವುದನ್ನು ಕಾಯುವುದರಲ್ಲಿಯೇ ಅರ್ಧ ಬಾಲ್ಯವನ್ನು ಕಳೆದ ನನಗೆ ಅವಸರವಿರಲಿಲ್ಲ. ಇಬ್ಬರೂ ಸುಮ್ಮನೆ ತೆರೆಯನ್ನು ನೋಡುತ್ತ ಕುಳಿತೆವು. ಹುಲ್ಲು ಬಾಗುತ್ತಿತ್ತು, ದೂರದಲ್ಲಿ ಮಿಂಚುತ್ತಿತ್ತು. ಆ ಹೊತ್ತಿನಲ್ಲಿ ನಾವು ಏನನ್ನೂ ಸಾಧಿಸಲಿಲ್ಲ, ಅಂಕ ಬರಲಿಲ್ಲ. ಮಳೆ ನಿಂತೊಡನೆ ಅವಳೇ “ಈಗ ಹತ್ತು, ಈಗ ಹತ್ತು” ಎಂದು ಕೂಗಿದಳು.

ಇಂಥ ಅನುಭವಕ್ಕೆಂದೇ ರಚಿತವಾದ ಆಟಗಳೂ ಇವೆ. ೨೦೧೨ರ ‘ಜರ್ನಿ’ ಎಂಬುದು ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಚಿಕ್ಕ ಆಟ. ಮರಳುಗಾಡಿನಲ್ಲಿ ದೂರದ ಪರ್ವತದ ಕಡೆಗೆ ನಡೆಯುತ್ತಿರುವಾಗ ಲೋಕದ ಯಾವುದೋ ಮೂಲೆಯ ಇನ್ನೊಬ್ಬ ಆಟಗಾರ ಜೊತೆಯಾಗುತ್ತಾನೆ. ಅವನ ಹೆಸರು ಕಾಣುವುದಿಲ್ಲ, ಮಾತಿಗೆ ಅವಕಾಶವಿಲ್ಲ, ಒಂದು ಸ್ವರವನ್ನು ಮಾತ್ರ ಹೊರಡಿಸಿ ಕರೆಯಬಹುದು. ಹೆಸರು ತಿಳಿಯುವುದು ಎಲ್ಲ ಮುಗಿದ ಮೇಲೆ. ಕಡಿಮೆ ವೇಳೆಯುಳ್ಳ ದೊಡ್ಡವರಿಗೆ ಇಂಥ ಆಟ ಒಂದು ನೀಳ್ಗತೆಯಂತೆ ಒದಗುತ್ತದೆ. ಆದರೂ ಯಾವ ಆಟವೂ ತಾನಾಗಿ ರಕ್ಷಣೆ ಕೊಡಲಾರದು. ೨೦೧೬ರಲ್ಲಿ ಎರಿಕ್ ಬರೋನ್ ಒಬ್ಬನೇ ರಚಿಸಿದ ‘ಸ್ಟಾರ್‌ಡ್ಯೂ ವ್ಯಾಲಿ’ಯಲ್ಲಿ ನಾಯಕ ಕಚೇರಿಯ ಕೆಲಸ ಬಿಟ್ಟು ತಾತನ ಹೊಲಕ್ಕೆ ಬರುತ್ತಾನೆ. ಅದನ್ನು ಆಡುವವರಲ್ಲಿಯೇ ಕೆಲವರು ಯಾವ ಬೆಳೆಗೆ ಎಷ್ಟು ಲಾಭವೆಂದು ಕೋಷ್ಟಕ ಹಾಕಿ, ಹೊಲವನ್ನೂ ಕಚೇರಿಯನ್ನಾಗಿ ಮಾಡಿಕೊಳ್ಳುತ್ತಾರೆ!

ಈ ಹೊಗಳಿಕೆಯ ನಡುವೆ ಕೇಡನ್ನು ಮರೆಯಲಾಗದು. ಆಟವನ್ನು ನಿಲ್ಲಿಸಲಾರದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೨೦೧೪ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆ ಒಳಗಾದವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಹಣ ಕಟ್ಟುವ ಆಟಗಳ ಹಾವಳಿ ಮಿತಿಮೀರಿದಾಗ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅವುಗಳ ವಿರುದ್ಧ ಕಾಯಿದೆ ಮಾಡಿತು. ನಾನು ಹೇಳುತ್ತಿರುವ ಸುಖಕ್ಕೆ ನಿಲ್ಲಿಸುವ ಶಕ್ತಿಯೇ ಮೊದಲ ಲಕ್ಷಣ. ರುಚಿಯಿಲ್ಲದೆಯೂ ಕೈ ಬಿಡದಿರುವುದು ಆಟವೆನಿಸಲಾರದು.

ಹಾಗಾದರೆ ರುಚಿಯನ್ನು ಮರಳಿ ಪಡೆಯುವ ಬಗೆ ಯಾವುದು? ನಾ ಕಂಡಂತೆ, ಮರಳಿ ಪಡೆದವರೆಲ್ಲ ಮಾಡಿರುವುದು ಸಣ್ಣ ಕೆಲಸಗಳನ್ನು. ಕೊಂಡು ಬಿಟ್ಟ ಆಟಗಳ ಪಟ್ಟಿಯನ್ನು ಅವರು ಸಾಲದ ಪತ್ರವೆಂದು ತಿಳಿಯುವುದನ್ನು ನಿಲ್ಲಿಸಿದ್ದಾರೆ. ಪದಕಗಳ ಸೂಚನೆಯನ್ನು ಆರಿಸಿದ್ದಾರೆ. ವಾರಕ್ಕೊಂದು ಗಂಟೆಯಾದರೂ ಸರಿ, ಅದಕ್ಕೊಂದು ಗೆರೆಯೆಳೆದು ದೂರವಾಣಿಯನ್ನು ಬೇರೆ ಕೋಣೆಯಲ್ಲಿಟ್ಟಿದ್ದಾರೆ. ತೊಡಕಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಲು ಒಪ್ಪಿದ್ದಾರೆ. ಸಾಧ್ಯವಾದಾಗ ಪಕ್ಕದಲ್ಲಿ ಇನ್ನೊಬ್ಬರಿಗೆ ಕುರ್ಚಿ ಹಾಕಿದ್ದಾರೆ. ಒಡನಾಟದಲ್ಲಿ ಆಟವಿರುವುದು ಬರಿಯ ವ್ಯಾಕರಣದ ಮಾತಲ್ಲವೆಂದು ನನಗೆ ಅನ್ನಿಸಿದ್ದು ಆಗ.

ಈ ವಿಚಾರ ನನಗೆ ಮುಖ್ಯವಾದದ್ದು ವಿಡಿಯೋ ಆಟಕ್ಕಾಗಿ ಮಾತ್ರವಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದ ಕೈಗೆ ಕಾದಂಬರಿಯನ್ನು ಅಂಕ ಹಾಕದೆ ಓದುವುದು ಬಲು ಕಷ್ಟ. ಪುಟದ ಅಂಚಿನಲ್ಲಿ ಗೆರೆ ಎಳೆಯುತ್ತ, ಇದು ಯಾವ ಪ್ರಶ್ನೆಗೆ ಒದಗುತ್ತದೆಂದು ಯೋಚಿಸುತ್ತ ಓದುವ ಅಭ್ಯಾಸ ನಿವೃತ್ತಿಯ ಆದೇಶದೊಡನೆ ಹೋಗುವುದಿಲ್ಲ. ವರ್ಷಕ್ಕೆ ಇಷ್ಟು ಪುಸ್ತಕ ಓದಿದೆನೆಂದು ಎಣಿಸುವ ತರುಣರಿಗೂ, ಕೊಂಡ ಪುಸ್ತಕಗಳ ರಾಶಿಯನ್ನು ಕಂಡು ಅಳುಕುವ ಹಿರಿಯರಿಗೂ ಇದು ಗೊತ್ತು. ಮೊಮ್ಮಗಳು ಊರಿಗೆ ಹಿಂದಿರುಗಿದ ಮೇಲೆ ನಾನು ಒಂದು ದಪ್ಪ ಕಾದಂಬರಿಯನ್ನು ತೆಗೆದುಕೊಂಡು, ಸೀಸದ ಕಡ್ಡಿಯನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು, ಓದಲು ಕುಳಿತೆ. ನಿಧಾನವಾಗಿ ಸಾಗುತ್ತಿದೆ. ಈಗ ನೂರ ನಲವತ್ತನೆಯ ಪುಟದಲ್ಲಿದ್ದೇನೆ; ಮುಂದೇನಾಗುವುದೋ ನನಗೆ ತಿಳಿಯದು.